ಐದನೇ ಸಾಲಿನ ಕುರ್ಚಿ

ಒಂದು ನಾಟಕ ಗೆದ್ದಿತು ಅಂತ ಸುದ್ದಿ ಬಂದರೆ ನಮ್ಮ ವಿದ್ಯಾವಂತರು ಕೇಳುವುದು ಎರಡೇ ಪ್ರಶ್ನೆ. ಎಷ್ಟು ದಿನ ಓಡಿತು? ಪೇಪರಿನವರು ಏನು ಬರೆದರು? ನಾವು ಮೂರನೆಯದೊಂದನ್ನು ಕೇಳುತ್ತೇವೆ. ಮೊದಲ ದಿನ ಯಾರು ಎಲ್ಲಿ ಕೂತಿದ್ದರು?

ಇದು ಕುಚೋದ್ಯದ ಪ್ರಶ್ನೆ ಅಲ್ಲ ಗೆಳೆಯರೆ. ಊರ ಮುಂದಿನ ನಾಟಕವನ್ನು ಚಪ್ಪರದ ಹೊರಗೆ ನಿಂತು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಿದ ಜನ ನಾವು. ಆಟ ಒಂದೇ, ಹಾಡು ಒಂದೇ. ಆದರೆ ಹಾಸಿದ ಜಮಖಾನದ ಮೇಲಿಂದ ಕಾಣುವ ರಾಜನೇ ಬೇರೆ, ಚಪ್ಪರದ ಗಳ ಹಿಡಿದು ಇಣುಕಿದಾಗ ಕಾಣುವ ರಾಜನೇ ಬೇರೆ.

ಈ ಸಲ ಸಂಪಾದಕೀಯದ ಜಾಗವನ್ನು ನೂರು ವರ್ಷಕ್ಕೂ ಹಿಂದಿನ, ಸಮುದ್ರದಾಚೆಯ ಒಂದು ರಾತ್ರಿಗೆ ಕೊಟ್ಟಿದ್ದೇವೆ. 1921ನೇ ಇಸವಿ ಮೇ 23. ಊರು ನ್ಯೂಯಾರ್ಕು, 63ನೇ ಬೀದಿ. ನಾಟಕದ ಹೆಸರು 'ಷಫಲ್ ಅಲಾಂಗ್'. ಕಾಲೆಳೆದುಕೊಂಡಾದರೂ ಮುಂದೆ ಸಾಗು ಅನ್ನುವಂಥ ಹೆಸರು. ಹಾಡು, ಕುಣಿತ, ನಗೆಮಾತು ಎಲ್ಲ ಕೂಡಿದ ಆಟ. ನಮ್ಮ ಕಂಪನಿ ನಾಟಕ ನೋಡಿದವರಿಗೆ ಇದರ ಅಂದಾಜು ಬೇಗ ಸಿಗುತ್ತದೆ. ಬರೆದವರು, ಸಂಗೀತ ಕೂಡಿಸಿದವರು, ಆಡಿದವರು, ವಾದ್ಯ ನುಡಿಸಿದವರು ಎಲ್ಲರೂ ಕರಿಯರು. ಬ್ರಾಡ್‌ವೇ ಅನ್ನುವ ಆ ದೊಡ್ಡ ರಂಗಬೀದಿಯಲ್ಲಿ ಅದಕ್ಕೆ ಹಿಂದಿನ ಹತ್ತು ವರ್ಷದ ಆಸುಪಾಸು ಕರಿಯರ ಇಂಥ ದೊಡ್ಡ ಆಟಕ್ಕೆ ಬಾಗಿಲೇ ಮುಚ್ಚಿದಂತಿತ್ತು.

ನಾಲ್ಕು ಜನ ಸೇರಿ ಕಟ್ಟಿದ ಆಟ ಇದು. ಸಂಗೀತ ಯೂಬಿ ಬ್ಲೇಕ್ ಅವರದು. ಅವರ ಅಪ್ಪ ಅಮ್ಮ ಇಬ್ಬರೂ ಗುಲಾಮರಾಗಿ ಬಾಳಿದವರು. ಹಾಡಿನ ಮಾತು ನೋಬಲ್ ಸಿಸ್ಲ್ ಅವರದು. ಮೊದಲ ಮಹಾಯುದ್ಧದಲ್ಲಿ ಕರಿಯರ ಪಡೆಯ ಸಂಗಡ ಫ್ರಾನ್ಸಿಗೆ ಹೋಗಿ ಬಂದವರು. ಕಥೆ, ಮಾತು ಬರೆದ ಫ್ಲೋರ್ನಾಯ್ ಮಿಲ್ಲರ್, ಆಬ್ರಿ ಲೈಲ್ಸ್ ಇಬ್ಬರೂ ಫಿಸ್ಕ್ ಎಂಬ ಕರಿಯರ ವಿಶ್ವವಿದ್ಯಾಲಯದಲ್ಲಿ ಓದಿದವರು. 1920ರಲ್ಲಿ ಇವರೆಲ್ಲ ಒಂದೆಡೆ ಸೇರಿದ್ದಾದರೂ ಎಲ್ಲಿ? ಕರಿಯರ ಹಕ್ಕಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಘಟನೆಯ ಸಹಾಯಾರ್ಥ ಪ್ರದರ್ಶನದಲ್ಲಿ. ಚಳವಳಿಗೂ ಹಾಡಿಗೂ ಏನು ಸಂಬಂಧ ಅಂತ ಮೂಗು ಮುರಿಯುವವರು ಇದನ್ನು ಗಮನಿಸಲಿ.

ಕೈಯಲ್ಲಿ ಕಾಸಿಲ್ಲ. ವಾಷಿಂಗ್ಟನ್ನು, ಫಿಲಡೆಲ್ಫಿಯಾ ಅಂತ ಊರೂರು ಆಡುತ್ತ ಬಂದರು. ಒಂದೂರಿನ ಗಲ್ಲಾಪೆಟ್ಟಿಗೆ ತುಂಬದಿದ್ದರೆ ಮುಂದಿನ ಊರಿನ ರೈಲು ಚಾರ್ಜಿಗೇ ತತ್ವಾರ. ನ್ಯೂಯಾರ್ಕ್ ಮುಟ್ಟುವ ಹೊತ್ತಿಗೆ ಸಾಲ 18 ಸಾವಿರ ಡಾಲರಿನ ಆಸುಪಾಸು. ಬಟ್ಟೆಗಳಂತೂ ಬೇರೆಯವರ ಸೋತ ನಾಟಕಗಳಲ್ಲಿ ತೊಟ್ಟು ಬಿಟ್ಟವು. ಹಳೆಯವರ ಬೆವರಿನ ಕಲೆ ಕಂಕುಳಲ್ಲಿ ಹಾಗೇ ಉಳಿದಿತ್ತಂತೆ. ಆ ರಾಶಿಯಲ್ಲಿ ಹತ್ತಿ ಬಿಡಿಸುವ ಕೂಲಿಗಳ ವೇಷವೂ ಸಿಕ್ಕಿತು. ವೇಷ ಸುಮ್ಮನೆ ಹಾಳಾಗಬಾರದಲ್ಲ, ಅದಕ್ಕೆಂದೇ ಒಂದು ಹಾಡು ಕಟ್ಟಿ ಸೇರಿಸಿದರು! ಮೈಗೆ ತಕ್ಕ ಅಂಗಿ ಅಂತಾರೆ, ಇಲ್ಲಿ ಅಂಗಿಗೆ ತಕ್ಕ ಹಾಡು. ಇಲ್ಲದವರ ಕಲೆ ಹುಟ್ಟುವ ಬಗೆಯೇ ಹೀಗೆ. ಇದರಲ್ಲಿ ನಾಚಿಕೆಪಡುವಂಥದ್ದು ನಮಗೇನೂ ಕಾಣುವುದಿಲ್ಲ. ಸಿಕ್ಕ ರಂಗಮಂದಿರವೂ ಅಂಥದ್ದೇ. ಮುಖ್ಯ ರಂಗಬೀದಿಯ ಸದ್ದಿನಿಂದ ದೂರ, ಭಾಷಣ ಕಚೇರಿಗಳಿಗೆ ಬಳಕೆಯಾಗುತ್ತಿದ್ದ ಹಳೆಯ ಹಾಲು. ವಾದ್ಯದವರು ಕೂರಲು ಜಾಗ ಬೇಕಾಗಿ ಮುಂದಿನ ಕುರ್ಚಿಗಳನ್ನೇ ಕೀಳಬೇಕಾಯಿತು.

ಕಥೆಯಲ್ಲಿ ದೊಡ್ಡ ವಿಶೇಷವೇನಿಲ್ಲ. ಜಿಮ್‌ಟೌನ್ ಅನ್ನೋ ಊರು, ಮೇಯರ್ ಚುನಾವಣೆ. ಕಿರಾಣಿ ಅಂಗಡಿಯ ಇಬ್ಬರು ಪಾಲುದಾರರು ಎದುರುಬದುರು ನಿಂತು, ಅಂಗಡಿಯ ಹಣವನ್ನೇ ಕದ್ದು ಚುನಾವಣೆಗೆ ಸುರಿಯುತ್ತಾರೆ. ಗೆದ್ದವನು ಸೋತವನನ್ನು ಪೊಲೀಸ್ ಮುಖ್ಯಸ್ಥನನ್ನಾಗಿ ಮಾಡಬೇಕು ಅಂತ ಒಳಒಪ್ಪಂದ. ಕೊನೆಗೆ ಹ್ಯಾರಿ ಅನ್ನುವ ಪ್ರಾಮಾಣಿಕ ಹುಡುಗ ಗೆಲ್ಲುತ್ತಾನೆ, ತಾನು ಮೆಚ್ಚಿದ ಹುಡುಗಿಯನ್ನೂ ಪಡೆಯುತ್ತಾನೆ. ನಮ್ಮ ಮುನಿಸಿಪಾಲಿಟಿಗಳನ್ನು ನೋಡಿದವರಿಗೆ ಈ ಊರಿನ ವಿಳಾಸ ಹೇಳಬೇಕಾಗಿಲ್ಲ.

ಆದರೆ ಆ ಹುಡುಗ ಹುಡುಗಿ ಇದ್ದಾರಲ್ಲ, ಭಯ ಇದ್ದದ್ದೇ ಅಲ್ಲಿ.

ಅವರಿಬ್ಬರೂ ಕೂಡಿ ಒಂದು ಹಾಡು ಹಾಡಬೇಕು. ಪ್ರೀತಿಯ ಹಾಡು. ನಗೆಯ ಹಾಡಲ್ಲ, ಅಣಕವಲ್ಲ. ಗಂಡು ಹೆಣ್ಣು ಒಬ್ಬರ ಮುಖ ಒಬ್ಬರು ನೋಡಿ, ಮನಸ್ಸಿಟ್ಟು ಹಾಡುವ ನೇರವಾದ ಹಾಡು. ಬಿಳಿಯರ ನಾಟಕದಲ್ಲಿ ಇಂಥವು ಗಳಿಗೆಗೊಂದು ಬಂದು ಹೋಗುತ್ತವೆ, ಯಾರೂ ಕೇಳುವವರಿಲ್ಲ. ಕರಿಯರು ಹಾಡಿದರೆ? ಅದು ಅಲ್ಲಿನ ರಂಗದಲ್ಲಿ ಬರೆಯದೇ ಇದ್ದ ನಿಷೇಧ. ಜೇಮ್ಸ್ ವೆಲ್ಡನ್ ಜಾನ್ಸನ್ ಅನ್ನುವವರು ಹಿಂದೆ ಇದೇ ರಂಗಬೀದಿಗೆ ಹಾಡು ಬರೆದವರು, ಆಮೇಲೆ ಎನ್‌ಎಎಸಿಪಿಯ ಕಾರ್ಯದರ್ಶಿಯಾದವರು. 1930ರಲ್ಲಿ ಅವರು ಬರೆದ 'ಬ್ಲ್ಯಾಕ್ ಮ್ಯಾನ್‌ಹಟನ್' ಪುಸ್ತಕದಲ್ಲಿ ಈ ನಿಷೇಧವನ್ನು ಬಿಡಿಸಿ ಹೇಳಿದ್ದಾರೆ. ಕರಿಯ ನಕ್ಕರೆ ಸೈ, ನಗಿಸಿದರೆ ಸೈ, ಕುಣಿದರೆ ಬಹಳ ಸೈ. ಪ್ರೀತಿಸಿದರೆ ಮಾತ್ರ ನೋಡುವವನಿಗೆ ತಡೆಯಲಾಗುವುದಿಲ್ಲ.

ಯಾಕೆ ಅಂತ ಯೋಚಿಸಿ. ನಗಿಸುವವನು ನಿನ್ನ ಸೇವೆ ಮಾಡುತ್ತಿರುತ್ತಾನೆ. ಕುಣಿಯುವವನು ನಿನ್ನ ಕಣ್ಣಿಗೆ ಹಬ್ಬ ಮಾಡುತ್ತಿರುತ್ತಾನೆ. ಪ್ರೀತಿಸುವವನು ಮಾತ್ರ ನಿನ್ನ ಕಡೆ ನೋಡುತ್ತಲೇ ಇರುವುದಿಲ್ಲ. ಅವನಿಗೆ ನೀನು ಬೇಕಾಗಿಲ್ಲ. ಅವನಿಗೊಂದು ಒಳಗು ಇದೆ, ಮನೆ ಇದೆ, ನಾಳೆ ಅನ್ನುವುದೊಂದಿದೆ. ಇದನ್ನು ಒಪ್ಪಿಕೊಂಡರೆ ಗುಲಾಮಗಿರಿಯ ಕಾಲದಿಂದ ಕಟ್ಟಿಕೊಂಡು ಬಂದ ಲೆಕ್ಕವೆಲ್ಲ ಅಳಿಸಿ ಹೋಗುತ್ತದೆ. ಗುಲಾಮರ ಸಂತೆಯಲ್ಲಿ ಗಂಡನನ್ನು ಒಂದು ಕಡೆಗೆ, ಹೆಂಡತಿಯನ್ನು ಒಂದು ಕಡೆಗೆ ಮಾರಿದವರಿಗೆ, ಇವರಿಗೆ ಪ್ರೀತಿ ಗೀತಿ ಇಲ್ಲ ಅನ್ನುವ ನಂಬಿಕೆ ಬೇಕೇ ಬೇಕಿತ್ತು.

ಮೊದಲ ರಾತ್ರಿ ಆ ಹಾಡು ಬಂತು. ಲಾಟಿ ಗೀ, ರೋಜರ್ ಮ್ಯಾಥ್ಯೂಸ್ ಇಬ್ಬರೂ ರಂಗದ ಮೇಲೆ ನಿಂತರು. ಮಿಕ್ಕವರು ಏನು ಮಾಡುತ್ತಿದ್ದರು ಅನ್ನುವುದನ್ನು ಸಿಸ್ಲ್ ಆಮೇಲೆ ನಗುತ್ತಲೇ ನೆನಪು ಮಾಡಿಕೊಂಡಿದ್ದಾರೆ. ತಾನು, ಮಿಲ್ಲರ್, ಲೈಲ್ಸ್ ಮೂವರೂ ಹೊರಬಾಗಿಲ ಹತ್ತಿರ ನಿಂತಿದ್ದರು. ಒಂದು ಕಾಲು ಒಳಗೆ, ಇನ್ನೊಂದು ಹಾರ್ಲೆಮ್ ಕಡೆಗೆ. ಗಲಾಟೆ ಎದ್ದರೆ ಓಟ ಕೀಳುವುದೊಂದೇ ದಾರಿ. ಪಾಪ, ಬ್ಲೇಕ್ ಅವರಿಗೆ ಮಾತ್ರ ಓಡುವ ಹಾಗಿಲ್ಲ. ಅವರು ರಂಗದ ಮುಂದೆ ವಾದ್ಯಗಾರರ ನಡುವೆ ಪಿಯಾನೋ ಮುಂದೆ ಕೂತವರು. ಕೊಳೆತ ಮೊಟ್ಟೆ, ಟೊಮೇಟೋ ಏನೇ ಬಂದರೂ ಮೊದಲು ಬೀಳುವುದು ಅವರ ಬೋಳುತಲೆಗೇ.

ಬಂದದ್ದು ಚಪ್ಪಾಳೆ. ಹಾಡನ್ನು ಮತ್ತೆ ಹಾಡಿಸಿದರು. ನಮ್ಮ ಕಂಪನಿ ನಾಟಕದ ಮಾತಿನಲ್ಲಿ ಹೇಳುವುದಾದರೆ ಒನ್ಸ್‌ಮೋರ್ ಬಿತ್ತು.

ಈ ಗಳಿಗೆಯನ್ನು ನಾವು ಸಣ್ಣದು ಅನ್ನುವುದಿಲ್ಲ. ತಲೆತಲಾಂತರದ ಒಂದು ಕಟ್ಟಳೆ ಒಂದು ಒನ್ಸ್‌ಮೋರ್‌ಗೆ ಬಿರುಕು ಬಿಟ್ಟಿತು. ಬಿಳಿಯರು ಸಹಿಸುವುದಿಲ್ಲ ಅಂತ ಇಷ್ಟು ಕಾಲ ಹೆದರಿಸುತ್ತಾ ಬಂದವರು ಯಾರು? ನಾಟಕದ ಯಜಮಾನರು, ದುಡ್ಡು ಹಾಕುವವರು. 'ಜನ ಒಪ್ಪುವುದಿಲ್ಲ' ಅನ್ನುವ ಮಾತನ್ನು ಎಲ್ಲ ಕಾಲದಲ್ಲೂ ಜನರನ್ನು ಕೇಳದೆಯೇ ಹೇಳುತ್ತಾರೆ. ಆ ರಾತ್ರಿ ಜನರನ್ನು ಕೇಳಲಾಯಿತು, ಜನ ಒಪ್ಪಿದರು. ಅಷ್ಟೇ.

ಇನ್ನು ಪೇಪರಿನವರ ವಿಷಯಕ್ಕೆ ಬರೋಣ. ಹೊಗಳಿದರು, ಸುಳ್ಳು ಹೇಳಬಾರದು. ಸಂಗೀತ ಸೊಗಸು ಅಂದರು. ಒಂದು ದೊಡ್ಡ ಪತ್ರಿಕೆ ರಾಗ ಚೆನ್ನಾಗಿದೆ, ಆದರೆ ಬರವಣಿಗೆ, ನಟನೆ ಎಲ್ಲ ಒರಟು ಅಂದಿತು. ಅಲನ್ ಡೇಲ್ ಅನ್ನುವ ಹೆಸರಾಂತ ವಿಮರ್ಶಕರಂತೂ ಮೈಮರೆತು ಬರೆದರು. ಏನಂತ? ಇವರು ಎಷ್ಟು ಉತ್ಸಾಹದಿಂದ ನೆಗೆದರು, ಕುಪ್ಪಳಿಸಿದರು, ನಕ್ಕರು, ತಮ್ಮಷ್ಟಕ್ಕೆ ತಾವು ಎಷ್ಟು ಸುಖಪಟ್ಟರು ಅಂತ. ಓದಿದರೆ ಹೊಗಳಿಕೆಯೇ. ಎರಡನೇ ಸಲ ಓದಿ ನೋಡಿ. ಎಲ್ಲಾ ಕಾಲಿನ ಮಾತು. ತಲೆಯ ಮಾತು ಎಲ್ಲಿದೆ? ಊರೂರು ಅಲೆದು, ಸಾಲ ಹೊತ್ತು, ಬೇರೆಯವರ ಬೆವರಿನ ಬಟ್ಟೆ ತೊಟ್ಟು, ರಾತ್ರಿ ಹಗಲು ತಾಲೀಮು ಮಾಡಿದವರು ಅವನ ಕಣ್ಣಿಗೆ ತಮ್ಮಷ್ಟಕ್ಕೆ ತಾವು ಸುಖಪಡುವ ಮಕ್ಕಳಾಗಿ ಕಂಡರು!

ಇದಕ್ಕಿಂತ ಖಾರದ ಒಂದು ಸಂಗತಿ ಬ್ಲೇಕ್ ಅವರೇ ಹೇಳಿದ್ದು. ಅವರ ವಾದ್ಯಗಾರರು ಸಾಮಾನ್ಯರಲ್ಲ. ವಿಲಿಯಂ ಗ್ರಾಂಟ್ ಸ್ಟಿಲ್, ಹಾಲ್ ಜಾನ್ಸನ್ ಅಂಥವರು ಆ ಗುಂಪಿನಲ್ಲಿದ್ದರು, ಮುಂದೆ ದೊಡ್ಡ ಸಂಗೀತಗಾರರಾದವರು. ಸ್ವರಲಿಪಿಯನ್ನು ನೀರು ಕುಡಿದ ಹಾಗೆ ಓದಬಲ್ಲವರು. ಆದರೂ ಇಡೀ ನಾಟಕದ ಸಂಗೀತವನ್ನು ಬಾಯಿಪಾಠ ಮಾಡಿ, ಮುಂದೆ ಹಾಳೆ ಇಟ್ಟುಕೊಳ್ಳದೆ ನುಡಿಸಿದರು. ಯಾಕೆ? ಕರಿಯರಿಗೆ ಸಂಗೀತದ ಲಿಪಿ ಓದಲು ಬರುತ್ತದೆ ಅಂದರೆ ಬಿಳಿಯರು ನಂಬುತ್ತಿರಲಿಲ್ಲ, ನಂಬಲು ಇಷ್ಟವೂ ಇರಲಿಲ್ಲ. ಇದೆಲ್ಲ ಹುಟ್ಟಿನಿಂದ ಬಂದದ್ದು ಅಂದುಕೊಂಡರೇ ಅವರಿಗೆ ಸಮಾಧಾನ. ಬಂದವರು ಏನು ಬಯಸಿ ಬಂದರೋ ಅದನ್ನೇ ಕೊಟ್ಟು ಕಳಿಸಬೇಕಾಯಿತು. ಓದು ಬಲ್ಲವರು ಓದು ಬಾರದವರಂತೆ ನಟಿಸುವುದೂ ಆ ನಾಟಕದ ಒಂದು ಪಾತ್ರವೇ ಆಗಿತ್ತು. ಅದಕ್ಕೆ ಯಾವ ಪತ್ರಿಕೆಯೂ ವಿಮರ್ಶೆ ಬರೆಯಲಿಲ್ಲ.

ಗೆಳೆಯರೆ, ಇದು ನಮಗೆ ಗೊತ್ತಿಲ್ಲದ ಹೊಗಳಿಕೆಯೇ? ತಮಟೆ ಬಾರಿಸಿದವನ ಬೆನ್ನು ತಟ್ಟಿ 'ನಿಮ್ಮೋರಿಗೆ ಇದು ರಕ್ತದಲ್ಲೇ ಬಂದಿದೆ ಬಿಡಪ್ಪ' ಅನ್ನುವ ಸಜ್ಜನರನ್ನು ನಾವು ನೋಡಿಲ್ಲವೆ? ಬೆಂಕಿ ಹಾಕಿ ಚರ್ಮ ಕಾಯಿಸುವುದನ್ನು ಕಲಿಯಲು ಎಷ್ಟು ದಿನ ಹಿಡಿಯಿತು, ಕೈ ಎಷ್ಟು ಸಲ ಸುಟ್ಟಿತು, ಯಾವ ಅಜ್ಜ ಬೈದು ಹೇಳಿಕೊಟ್ಟ, ಅದು ಅವರಿಗೆ ಬೇಡ. ಸಂಗೀತಶಾಲೆಯ ಹುಡುಗ ವೀಣೆ ನುಡಿಸಿದರೆ ಸಾಧನೆ. ಕೇರಿಯ ಹುಡುಗ ತಮಟೆ ನುಡಿಸಿದರೆ ರಕ್ತ. ರಕ್ತಕ್ಕೆ ಸಂಬಳ ಕೊಡಬೇಕಾಗಿಲ್ಲ, ಪಾಠಶಾಲೆ ಕಟ್ಟಿಸಬೇಕಾಗಿಲ್ಲ, ಹೆಸರು ಬರೆದಿಡಬೇಕಾಗಿಯೂ ಇಲ್ಲ.

ನ್ಯೂಯಾರ್ಕಿನ ಬಿಳಿ ಯಜಮಾನರು ಈ ವಿಷಯದಲ್ಲಿ ಪತ್ರಿಕೆಯವರಿಗಿಂತ ಬುದ್ಧಿವಂತರು. ಇದು ಕಲಿತು ಮಾಡಿದ್ದು, ಕಲಿಸಲು ಬರುವಂಥದ್ದು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆಟ ಗೆದ್ದ ಮೇಲೆ ಜೀಗ್‌ಫೆಲ್ಡ್‌ನಂಥ ದೊಡ್ಡ ಕಂಪನಿ ಮಾಲೀಕರು ಕರಿಯ ಹುಡುಗಿಯರನ್ನು ಕರೆಸಿ ತಮ್ಮ ಬಿಳಿ ಹುಡುಗಿಯರಿಗೆ ಹೆಜ್ಜೆ ಕಲಿಸಿದರು ಅಂತ ರಂಗದ ಚರಿತ್ರೆ ಬರೆದವರು ಹೇಳುತ್ತಾರೆ. ಹೆಜ್ಜೆ ಬೇಕಿತ್ತು, ಹೆಜ್ಜೆ ಹಾಕಿದವಳು ಬೇಡವಾಗಿತ್ತು.

ಈಗ ಕುರ್ಚಿಯ ಮಾತು.

ನ್ಯೂಯಾರ್ಕ್ ರಾಜ್ಯದಲ್ಲಿ ರಂಗಮಂದಿರ, ಹೋಟೆಲುಗಳಲ್ಲಿ ಬಣ್ಣದ ಭೇದ ಮಾಡಬಾರದು ಅಂತ 1895ರಿಂದಲೇ ಕಾನೂನಿತ್ತು. ಕಾನೂನು ಇದ್ದ ಕಡೆ ಏನು ನಡೆಯುತ್ತದೆ ಅಂತ ನಮ್ಮ ಓದುಗರಿಗೆ ಪಾಠ ಮಾಡಬೇಕಾಗಿಲ್ಲ. ಕೆಳಗಿನ ಸೀಟು ಖಾಲಿ ಇಲ್ಲ, ಮೇಲೆ ಗ್ಯಾಲರಿ ಇದೆ, ಬೇಕಾದರೆ ತಗೊಳ್ಳಿ. ಅಷ್ಟು ಹೇಳಿದರೆ ಮುಗಿಯಿತು, ಯಾವ ಕಾನೂನೂ ಮುರಿದ ಹಾಗಾಗಲಿಲ್ಲ. 'ಷಫಲ್ ಅಲಾಂಗ್' ಶುರುವಾದ ರಾತ್ರಿ ಮಾತ್ರ ಕೆಳಗಿನ ಸಾಲುಗಳಲ್ಲೂ ಕರಿಯರು ಕೂತಿದ್ದರು. ಎಲ್ಲಿಯವರೆಗೆ? 'ವೆರೈಟಿ' ಅನ್ನುವ ನಾಟಕ ವ್ಯಾಪಾರದ ಪತ್ರಿಕೆ ಇದನ್ನು ಎಣಿಸಿ ವರದಿ ಮಾಡಿತು: ಕರಿಯರು ಮುಂದಿನಿಂದ ಐದನೇ ಸಾಲಿನವರೆಗೂ ಕಂಡುಬಂದರು.

ಹಾಡು ಹೇಗಿತ್ತು, ಕುಣಿತ ಹೇಗಿತ್ತು ಅನ್ನುವುದರ ಜೊತೆಗೆ ಐದನೇ ಸಾಲೂ ಸುದ್ದಿ. ಒಬ್ಬ ವರದಿಗಾರ ರಂಗದ ಮೇಲಿನ ಕಣ್ಣನ್ನು ತೆಗೆದು ಹಿಂದೆ ಮುಂದೆ ಕುರ್ಚಿ ಲೆಕ್ಕ ಹಾಕಿದ್ದಾನೆ. ಅವನನ್ನು ನಾವು ಬೈಯುವುದಿಲ್ಲ. ಆ ರಾತ್ರಿಯ ನಿಜವಾದ ನಾಟಕ ಎಲ್ಲಿ ನಡೆಯುತ್ತಿದೆ ಅಂತ ಅವನಿಗೆ ಗೊತ್ತಾಗಿತ್ತು. ಕರಿಯ ಹುಡುಗ ಕರಿಯ ಹುಡುಗಿಗೆ ಪ್ರೀತಿಯ ಹಾಡು ಹಾಡುವಾಗ ಅದನ್ನು ನೋಡುತ್ತಾ ಒಬ್ಬ ಕರಿಯ ಗಂಡಸು ತನ್ನ ಹೆಂಡತಿಯ ಪಕ್ಕ, ಬಿಳಿಯರ ನಡುವೆ, ಗದ್ದುಗೆಯ ಕುರ್ಚಿಯಲ್ಲಿ ಕೂತಿದ್ದಿರಬಹುದು. ಅವನು ಏನಂದ? ಅವಳು ಏನಂದಳು? ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ನಮಗೆ ಬೇಕಾದ ವಿಮರ್ಶೆ ಅದು.

ಇಷ್ಟು ಹೇಳಿ ನಾಟಕದವರನ್ನು ದೇವರ ಗುಡಿಯಲ್ಲಿ ಕೂರಿಸಲು ನಾವು ಹೊರಟಿಲ್ಲ. ಮಿಲ್ಲರ್, ಲೈಲ್ಸ್ ಇಬ್ಬರೂ ಸುಟ್ಟ ಬೆಂಡಿನ ಮಸಿಯನ್ನು ಮುಖಕ್ಕೆ ಬಳಿದುಕೊಂಡೇ ರಂಗಕ್ಕೆ ಬಂದರು. ಕರಿಯರೇ ಕರಿಯರ ಅಣಕು ವೇಷ ಹಾಕಿದರು. ಬಿಳಿಯ ನಟರು ಹಿಂದೆ ಕರಿಯರನ್ನು ಹಂಗಿಸಲು ಕಟ್ಟಿದ ವೇಷ ಅದು. ಹೊಟ್ಟೆಪಾಡಿಗೆ ಹಾಕಿಕೊಂಡರು, ಅದಿಲ್ಲದೆ ಬಾಗಿಲೇ ತೆರೆಯುತ್ತಿರಲಿಲ್ಲ ಅನ್ನುವವರಿದ್ದಾರೆ. ಇರಬಹುದು. ಒಂದೇ ಆಟದಲ್ಲಿ ಮಸಿಯ ಮುಖವೂ ಇತ್ತು, ಮಸಿಯಿಲ್ಲದೆ ಪ್ರೀತಿಸಿದ ಮುಖವೂ ಇತ್ತು. ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಒಳಗೆ ಸಾಗಿಸಿದರು ಅಂತ ನಮಗನ್ನಿಸುತ್ತದೆ. ಆದರೂ ಆ ಮಸಿಗೆ ಬಿದ್ದ ನಗು ನಮ್ಮ ಕಿವಿಗೆ ಹಿತವಾಗಿ ಕೇಳಿಸುವುದಿಲ್ಲ.

ಇನ್ನೊಂದು. ಕುಣಿಯುವ ಹುಡುಗಿಯರ ಸಾಲಿಗೆ ಆರಿಸಿದ್ದು ತಿಳಿಬಣ್ಣದವರನ್ನೇ. ಜೋಸೆಫಿನ್ ಬೇಕರ್ ಅನ್ನುವ ಬಡಕಲು ಹುಡುಗಿ ಬಂದು ಕೇಳಿದಾಗ ವಯಸ್ಸು ಸಾಲದು, ಬಣ್ಣ ಕಪ್ಪು ಹೆಚ್ಚಾಯಿತು ಅಂತ ವಾಪಸು ಕಳಿಸಿದರಂತೆ. ಅವಳು ಬಿಡಲಿಲ್ಲ. ಊರೂರು ಸುತ್ತುವ ತಂಡದಲ್ಲಿ ಬಟ್ಟೆ ತೊಡಿಸುವ ಕೆಲಸಕ್ಕೆ ಸೇರಿ, ಯಾರೋ ಬಾರದ ದಿನ ಸಾಲಿನ ಕೊನೆಯಲ್ಲಿ ನಿಂತಳು. ಕಣ್ಣು ತಿರುಗಿಸಿ, ಹೆಜ್ಜೆ ತಪ್ಪಿದಂತೆ ಮಾಡಿ ಕುಣಿದಳು. ಜನ ಅವಳನ್ನೇ ನೋಡತೊಡಗಿದರು. ಮುಂದೆ ಪ್ಯಾರಿಸ್ಸೆಲ್ಲ ಅವಳ ಹಿಂದೆ ಬಿತ್ತು. ಕಪ್ಪಿನ ಒಳಗೂ ಮೇಲು ಕೀಳಿನ ಮೆಟ್ಟಿಲು ಇಟ್ಟವರು ಬಿಳಿಯರು ಮಾತ್ರ ಅಂತ ಹೇಳಿ ನಾವು ಕೈತೊಳೆದುಕೊಳ್ಳುವ ಹಾಗಿಲ್ಲ. ಆ ಹುಡುಗಿಯನ್ನು ಆರಿಸಿದ್ದು ಕಂಪನಿಯಲ್ಲ, ನೋಡುವ ಜನ.

ಆಟ ಗೆದ್ದಿತು. ಸುಮಾರು 500 ಪ್ರದರ್ಶನ. ಬಂಡಿಗಳ ನುಗ್ಗಾಟ ತಡೆಯಲಾರದೆ ಪೊಲೀಸರು 63ನೇ ಬೀದಿಯನ್ನು ಒಮ್ಮುಖ ರಸ್ತೆ ಮಾಡಬೇಕಾಯಿತು.

ಆದರೆ ಆ ಮೊದಲ ರಾತ್ರಿಯಾಗಿ ಎಂಟನೇ ದಿನ ನಡೆದದ್ದನ್ನು ಹೇಳದೆ ನಾವು ಮುಂದೆ ಹೋಗಲಾರೆವು. 1921 ಮೇ 31. ಅದೇ ಅಮೆರಿಕ, ಒಕ್ಲಹೋಮಾ ರಾಜ್ಯದ ತಲ್ಸಾ ನಗರ. ಲಿಫ್ಟಿನಲ್ಲಿ ಬಿಳಿಯ ಹುಡುಗಿಯ ಮೈಮುಟ್ಟಿದ ಅಂತ ಒಬ್ಬ ಕರಿಯ ಹುಡುಗನ ಮೇಲೆ ಆರೋಪ ಬಂತು. ಆ ಆರೋಪ ಮುಂದೆ ಬಿದ್ದೇ ಹೋಯಿತು. ಆದರೆ ಅದನ್ನೇ ನೆಪ ಮಾಡಿಕೊಂಡು ಬಿಳಿಯರ ಗುಂಪು ಎರಡು ದಿನದಲ್ಲಿ ಗ್ರೀನ್‌ವುಡ್ ಎಂಬ ಕರಿಯರ ಇಡೀ ಬಡಾವಣೆಯನ್ನು ಸುಟ್ಟಿತು. ಮೂವತ್ತೈದರಷ್ಟು ಬೀದಿಚೌಕ, ಸಾವಿರಕ್ಕೂ ಮೇಲ್ಪಟ್ಟು ಮನೆ. ಸತ್ತವರು 100ರಿಂದ 300 ಅಂತ 2001ರ ಸರ್ಕಾರಿ ಆಯೋಗದ ವರದಿಯ ಅಂದಾಜು. ಆ ಬಡಾವಣೆಯಲ್ಲಿ ಡ್ರೀಮ್‌ಲ್ಯಾಂಡ್ ಅನ್ನುವ ರಂಗಮಂದಿರವಿತ್ತು. ಕರಿಯರದೇ ಸ್ವಂತದ್ದು. ಅಲ್ಲಿ ಮೊದಲ ಸಾಲೂ ಅವರದೇ, ಐದನೇ ಸಾಲೂ ಅವರದೇ, ಗ್ಯಾಲರಿಯೂ ಅವರದೇ. ಅದೂ ಸುಟ್ಟು ಹೋಯಿತು.

ನ್ಯೂಯಾರ್ಕಿನಲ್ಲಿ ಆ ವಾರವೂ ಆಟ ನಡೆಯುತ್ತಲೇ ಇತ್ತು. ಪ್ರೀತಿಯ ಹಾಡಿಗೆ ಚಪ್ಪಾಳೆಯೂ ಬೀಳುತ್ತಿತ್ತು. ಚಪ್ಪಾಳೆ ಹೊಡೆದ ಕೈ ಬೇರೆ, ಬೆಂಕಿ ಇಟ್ಟ ಕೈ ಬೇರೆ, ನಿಜ. ಆದರೆ ದೇಶ ಒಂದೇ.

ಆ ವರ್ಷದ ಕೊನೆಯ ಭಾಗದಲ್ಲಿ ಹುಡುಗನೊಬ್ಬ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಓದಲು ಬಂದ. ಹೆಸರು ಲ್ಯಾಂಗ್‌ಸ್ಟನ್ ಹ್ಯೂಸ್. ಓದಿಗಿಂತ ಹೆಚ್ಚಾಗಿ 'ಷಫಲ್ ಅಲಾಂಗ್' ನೋಡುವ ಆಸೆಗೇ ನ್ಯೂಯಾರ್ಕಿಗೆ ಬಂದೆ ಅಂತ ಅವರೇ 1940ರ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ರಾತ್ರಿಯ ಮೇಲೆ ರಾತ್ರಿ ಹೋಗಿ ನೋಡಿದರಂತೆ. ಎಲ್ಲಿ ಕೂತು? ಗ್ಯಾಲರಿಯಲ್ಲಿ. ಐದನೇ ಸಾಲಿಗೆ ಬಣ್ಣದ ತಡೆ ಸಡಿಲವಾದರೂ ಕಾಸಿನ ತಡೆ ಇತ್ತಲ್ಲ. ಮುಂದೆ ಆ ಜನಾಂಗದ ದೊಡ್ಡ ಕವಿಯಾದವರು ಅವರು. ಹಾರ್ಲೆಮ್ಮಿನಲ್ಲಿ ಕರಿಯರ ಕಲೆ ಸಾಹಿತ್ಯ ಉಕ್ಕಿ ಹರಿದ ಕಾಲಕ್ಕೆ ಈ ಆಟವೇ ಮೊದಲ ತಳ್ಳು ಕೊಟ್ಟಿತು ಅಂತ ಅವರ ತೀರ್ಮಾನ. ನಮ್ಮ ಮಟ್ಟಿಗೆ ಮೊದಲ ತಿಂಗಳುಗಳ ಎಲ್ಲ ಪತ್ರಿಕೆಗಳ ಮಾತನ್ನು ಒಂದು ತಕ್ಕಡಿಗೆ ಹಾಕಿ, ಗ್ಯಾಲರಿಯ ಆ ಹುಡುಗನ ಮಾತನ್ನು ಇನ್ನೊಂದಕ್ಕೆ ಹಾಕಿದರೆ ಯಾವುದು ತೂಗುತ್ತದೆ ಅಂತ ಹೇಳುವುದು ಕಷ್ಟವಲ್ಲ.

ಅದೇ ಕೊಲಂಬಿಯಾದಲ್ಲಿ 1913ರಿಂದ 1916ರವರೆಗೆ ಬಾಬಾಸಾಹೇಬರು ಓದಿದ್ದರು. ಹಾರ್ಲೆಮ್ ಅಲ್ಲಿಂದ ಕೂಗಳತೆ. ಈ ಆಟ ಶುರುವಾದಾಗ ಅವರು ಲಂಡನ್ನಿನಲ್ಲಿ ಓದಿನಲ್ಲಿ ಮುಳುಗಿದ್ದರು, ನೋಡಲಿಲ್ಲ. ಆದರೆ 1946ರಲ್ಲಿ ಕರಿಯರ ನಾಯಕ ಡು ಬೋಯಿಸ್ ಅವರಿಗೆ ಕಾಗದ ಬರೆದು, ಕರಿಯರು ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಬಗ್ಗೆ ಕೇಳಿದರು. ಇಬ್ಬರ ನೋವು ಒಂದೇ ಜಾತಿಯದು ಅಂತ ಅವರು ಕಂಡಿದ್ದನ್ನೇ 1972ರಲ್ಲಿ ಬೊಂಬಾಯಿಯ ಹುಡುಗರು ತಮಗೆ ದಲಿತ ಪ್ಯಾಂಥರ್ಸ್ ಅಂತ ಹೆಸರಿಟ್ಟುಕೊಂಡು ಗಟ್ಟಿಯಾಗಿ ಕೂಗಿ ಹೇಳಿದರು. 63ನೇ ಬೀದಿಯ ರಾತ್ರಿ ನಮಗೆ ಪರರ ಮನೆಯ ಸಂಗತಿ ಆಗದೇ ಇರುವುದು ಇದಕ್ಕೇ.

ಕುರ್ಚಿಯ ಜಗಳ ಅಲ್ಲಿಗೇ ಮುಗಿಯಲೂ ಇಲ್ಲ. 1936ರಲ್ಲಿ 'ಪೋರ್ಗಿ ಅಂಡ್ ಬೆಸ್' ಎಂಬ ಸಂಗೀತ ನಾಟಕ ವಾಷಿಂಗ್ಟನ್ನಿನ ನ್ಯಾಷನಲ್ ಥಿಯೇಟರಿಗೆ ಬಂತು. ಅಲ್ಲಿ ಕರಿಯರಿಗೆ ಟಿಕೆಟ್ಟೇ ಇಲ್ಲ. ರಂಗದ ಮೇಲೆ ಕರಿಯರು, ಕುರ್ಚಿಯಲ್ಲಿ ಬಿಳಿಯರು. ಮುಖ್ಯ ಪಾತ್ರದ ಟಾಡ್ ಡಂಕನ್, ಆನ್ ಬ್ರೌನ್ ನಾವು ಹಾಡುವುದಿಲ್ಲ ಅಂತ ಕೂತರು. ಬಾಲ್ಕನಿ ಕೊಡುತ್ತೇವೆ, ಇಂಥ ಆಟಕ್ಕೆ ಮಾತ್ರ ಬಿಡುತ್ತೇವೆ ಅಂತೆಲ್ಲ ಚೌಕಾಶಿ ನಡೆಯಿತು. ಇವರು ಜಗ್ಗಲಿಲ್ಲ. ಕೊನೆಗೆ ಯಾರು ಎಲ್ಲಿ ಬೇಕಾದರೂ ಕೂರಬಹುದು ಅಂತಾಯಿತು. ಆ ಆಟ ಊರು ಬಿಟ್ಟ ಮೇಲೆ ಹಳೆಯ ಕಟ್ಟಳೆ ವಾಪಸು ಬಂತು. 1948ರಲ್ಲಿ ಕರಿಯರನ್ನು ಕೂರಿಸಿಕೊಳ್ಳುವುದಕ್ಕಿಂತ ನಾಟಕ ನಿಲ್ಲಿಸುವುದೇ ವಾಸಿ ಅಂತ ಆ ರಂಗಮಂದಿರದವರು ನಾಟಕವನ್ನೇ ನಿಲ್ಲಿಸಿದರು. ಮತ್ತೆ ನಾಟಕಕ್ಕೆ ಬಾಗಿಲು ತೆರೆದದ್ದು 1952ರಲ್ಲಿ, ಎಲ್ಲರಿಗೂ.

ಇನ್ನು 'ಷಫಲ್ ಅಲಾಂಗ್' ಕಡೆಯದಾಗಿ ಬ್ರಾಡ್‌ವೇಗೆ ಬಂದದ್ದು 2016ರ ಏಪ್ರಿಲ್ 28ರಂದು. ಜಾರ್ಜ್ ಸಿ. ವುಲ್ಫ್ ಎಂಬ ಕರಿಯ ನಿರ್ದೇಶಕರು ಹಳೆಯ ಆಟವನ್ನು ಹಾಗೇ ಆಡಿಸದೆ, ಅದನ್ನು ಕಟ್ಟಿದವರ ಕಥೆಯನ್ನೂ ಸೇರಿಸಿ ಹೊಸದು ಮಾಡಿದರು. ಮೊದಲ ಭಾಗದಲ್ಲಿ ಆಟ ಕಟ್ಟುವ ಸಂಭ್ರಮ, ಎರಡನೇ ಭಾಗದಲ್ಲಿ ಆ ಕಲಾವಿದರನ್ನು ದೇಶ ಹೇಗೆ ಮರೆಯಿತು ಅನ್ನುವ ಲೆಕ್ಕ. ಹಲವು ವಿಮರ್ಶಕರು ಮೊದಲ ಭಾಗವನ್ನು, ಅದರಲ್ಲೂ ಕುಣಿತವನ್ನು ಬಾಯಿತುಂಬ ಹೊಗಳಿದರು. ಎರಡನೇ ಭಾಗ ಚರಿತ್ರೆಯ ಪಾಠದಂತಾಯಿತು ಅಂತ ಗೊಣಗಿದರು. ಟೋನಿ ಪ್ರಶಸ್ತಿಗೆ ಹತ್ತು ವಿಭಾಗದಲ್ಲಿ ಹೆಸರು ಸೂಚಿತವಾಗಿ ಒಂದೂ ಬರಲಿಲ್ಲ. ನಾಯಕಿ ಆಡ್ರಾ ಮೆಕ್‌ಡೊನಾಲ್ಡ್ ಬಸುರಿಯಾಗಿ ರಜೆ ಹೋಗಬೇಕಾಯಿತು, ಅವರಿಲ್ಲದೆ ಟಿಕೆಟ್ ಹೋಗುವುದಿಲ್ಲ ಅಂತ ದುಡ್ಡು ಹಾಕಿದವರು ಹೆದರಿದರು. ಜುಲೈ 24ಕ್ಕೆ ಪರದೆ ಬಿತ್ತು. ಆ ಹೊತ್ತಿಗೆ ಆಗಿದ್ದದ್ದು ನೂರು ಪ್ರದರ್ಶನ.